ಘಾಟಿ ಇಳಿಯುವಾಗ ‘ಎನ್’ ಬೇಡ: ಆಟೋಮ್ಯಾಟಿಕ್ ಕಾರಿನ ಗೇರ್ ಕಡ್ಡಿಯನ್ನು ಬಳಸುವುದು ಹೇಗೆ?

ಪ್ರಶ್ನೆ: ಶೃಂಗೇರಿ ಹತ್ತಿರದ ಹಳ್ಳಿ ನಮ್ಮದು. ಇಪ್ಪತ್ತೆಂಟು ವರ್ಷ ಕ್ಲಚ್ ಇರುವ ಕಾರನ್ನೇ ಓಡಿಸಿದ್ದೇನೆ. ಮಂಡಿನೋವು ಶುರುವಾದ ಮೇಲೆ ಮಗ ತನ್ನ ಹಳೆಯ ಆಟೋಮ್ಯಾಟಿಕ್ ಕಾರನ್ನು ನಮಗೆ ಬಿಟ್ಟುಕೊಟ್ಟ. ಕಡ್ಡಿಯ ಪಕ್ಕದಲ್ಲಿ ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), 2, ಎಲ್ ಎಂದು ಬರೆದಿದೆ. ಕೊನೆಯ ಎರಡನ್ನು ಇದುವರೆಗೆ ಮುಟ್ಟಿಲ್ಲ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಯ ಮಗಳ ಮನೆಗೆ ಹೋಗುತ್ತೇವೆ. ಪೆಟ್ರೋಲ್ ಉಳಿಯಲೆಂದು ಎನ್‌ಗೆ ಹಾಕಿ ಇಳಿಸುತ್ತೇನೆ. ಸೋಮೇಶ್ವರ ತಲುಪುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಪಿಯಿಂದ ತೆಗೆಯುವಾಗ ‘ಟಕ್’ ಎಂದು ಜೋರಾಗಿ ಸದ್ದಾಗುತ್ತದೆ. ಸಿಗ್ನಲ್‌ನಲ್ಲಿ ಎನ್ ಹಾಕಬೇಕೇ? ಅಳಿಯನದೂ ಆಟೋಮ್ಯಾಟಿಕ್ ಕಾರೇ, ಆದರೆ ಅದರಲ್ಲಿ ಪಿ ಇಲ್ಲವೇ ಇಲ್ಲ. ಅದನ್ನು ನಿಲ್ಲಿಸುವುದು ಹೇಗೆ? ನನ್ನ ಹೆಂಡತಿ ಈಗ ಕಾರು ಕಲಿಯುತ್ತೇನೆ ಎನ್ನುತ್ತಿದ್ದಾಳೆ. ಮೊದಲು ಏನು ಹೇಳಿಕೊಡಲಿ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಒಂದು ಕಾಯುವಂಥದ್ದಲ್ಲ. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಘಾಟಿಯಲ್ಲಿ ಎನ್‌ಗೆ ಹಾಕಿ ಇಳಿಸುವುದನ್ನು ದಯವಿಟ್ಟು ಇವತ್ತಿಗೇ ಬಿಟ್ಟುಬಿಡಿ. ಆ ಸುಟ್ಟ ವಾಸನೆ ನಿಮ್ಮ ಬ್ರೇಕ್ ಪ್ಯಾಡುಗಳದ್ದು. ಪ್ರತಿ ತಿಂಗಳೂ ಅವು ನಿಮಗೆ ಎಚ್ಚರಿಕೆ ಕೊಡುತ್ತಿವೆ.

ಒಂದು ಸಣ್ಣ ಲೆಕ್ಕ ನೋಡಿ. ನಾಲ್ಕು ಜನ ಕೂತ ಕಾರಿನ ತೂಕ 1,200 ಕೆಜಿ ಎಂದಿಟ್ಟುಕೊಳ್ಳಿ. ಅದು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಬಚ್ಚಲ ಒಲೆಯ ಮೇಲಿಟ್ಟ 18 ಲೀಟರ್ ತಣ್ಣೀರು ಕುದಿಯಲು ಬೇಕಾಗುವಷ್ಟು ಶಾಖ ಅದು. ಗಾಳಿಯ ತಡೆ ಮತ್ತು ಟೈರಿನ ಉಜ್ಜುವಿಕೆ ಅದರಲ್ಲಿ ಒಂದು ಪಾಲು ತಿನ್ನುತ್ತವೆ. ಕಾರು ಗೇರಿನಲ್ಲಿದ್ದರೆ ಇಂಜಿನ್ ಇನ್ನೊಂದು ದೊಡ್ಡ ಪಾಲನ್ನು ಹೊರುತ್ತದೆ. ಎನ್‌ಗೆ ಹಾಕಿದ ಕ್ಷಣ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ, ಉಳಿದ ಅಷ್ಟೂ ಶಾಖ ಬ್ರೇಕಿನ ತಲೆಗೆ ಬೀಳುತ್ತದೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕಿಗೆ ಆರಲು ಪುರುಸೊತ್ತೇ ಸಿಗುವುದಿಲ್ಲ.

ಪ್ಯಾಡ್ ಬಿಸಿಯಾದರೆ ಹಿಡಿತ ಕಡಿಮೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ, ಡಾಟ್ 4 ಆದರೆ 230 ಡಿಗ್ರಿವರೆಗಾದರೂ ಕುದಿಯಬಾರದೆಂಬ ನಿಯಮವಿದೆ. ಆದರೆ ಇದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ನೀರಿನಂಶ ಸೇರಿದ ಆಯಿಲ್‌ಗೆ ನಿಯಮ ಕೇಳುವ ಮಟ್ಟವೇ ಕ್ರಮವಾಗಿ 140 ಮತ್ತು 155 ಡಿಗ್ರಿ. ನಿಮ್ಮೂರಿನ ಮಳೆಗಾಲ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ತುಂಬುತ್ತವೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ. ಕಾಲು ನೆಲ ಮುಟ್ಟಿದರೂ ಕಾರು ನಿಲ್ಲದು. ಆಯಿಲ್ ಬದಲಾಯಿಸಿ ಎರಡು ವರ್ಷ ದಾಟಿದ್ದರೆ ಮುಂದಿನ ಪ್ರಯಾಣಕ್ಕೆ ಮೊದಲು ಬದಲಾಯಿಸಿಕೊಳ್ಳಿ.

ಇನ್ನು ಪೆಟ್ರೋಲ್ ಉಳಿತಾಯ. ಕಾರ್ಬ್ಯುರೇಟರ್ ಕಾಲದಿಂದ ಬಂದ ನಂಬಿಕೆ ಅದು. ನಮ್ಮ ತಲೆಮಾರಿನ ಚಾಲಕರೆಲ್ಲ ಹಾಗೇ ಕಲಿತವರು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಲೆಕ್ಕ ತಿರುಗಿದೆ. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಕಂಪ್ಯೂಟರ್ ಪೆಟ್ರೋಲ್ ಚಿಮ್ಮುವುದನ್ನೇ ನಿಲ್ಲಿಸುತ್ತದೆ. ಎನ್‌ನಲ್ಲಿ ಹಾಗಾಗದು, ಇಂಜಿನ್ ಆರಿಹೋಗದಂತೆ ಪೆಟ್ರೋಲ್ ಸುರಿಯುತ್ತಲೇ ಇರಬೇಕು. ಅಂದರೆ ಇಷ್ಟು ದಿನ ನೀವು ಉಳಿಸಿದ್ದೇನೂ ಇಲ್ಲ, ಚೂರು ಹೆಚ್ಚೇ ಸುಟ್ಟಿದ್ದೀರಿ.

ಹಾಗಾದರೆ ಡಿಯಲ್ಲೇ ಇಳಿದರೆ ಸಾಕೇ? ನೀವು ಮುಟ್ಟದೆ ಬಿಟ್ಟಿರುವ 2 ಮತ್ತು ಎಲ್‌ಗಳಿಗೆ ಕೆಲಸವಿರುವುದು ಇಲ್ಲಿಯೇ. ಗೇರ್‌ಬಾಕ್ಸ್‌ಗೆ ರಸ್ತೆ ಕಾಣುವುದಿಲ್ಲ. ಅದಕ್ಕೆ ತಿಳಿಯುವುದು ಈ ಕ್ಷಣದ ವೇಗ ಮತ್ತು ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಎಷ್ಟು ಒತ್ತಿದೆ ಎಂಬುದು. ಇಳಿಜಾರಿನಲ್ಲಿ ಕಾಲು ತೆಗೆದಿರಿ, ಆದರೆ ವೇಗ ಏರುತ್ತಿದೆ. ‘ಇವರಿಗೆ ಶಕ್ತಿ ಬೇಕಿಲ್ಲ’ ಎಂದು ಅದು ಅರ್ಥಮಾಡಿಕೊಂಡು ಮೇಲಿನ ಗೇರಿಗೆ ಹೋಗುತ್ತದೆ. ಮೇಲಿನ ಗೇರಿನಲ್ಲಿ ಇಂಜಿನ್ನಿನ ಹಿಡಿತ ತೀರಾ ಸಡಿಲ. ಹೊಸ ಕಾರುಗಳಲ್ಲಿ ಇಳಿಜಾರನ್ನು ಗ್ರಹಿಸಿ ತಾನೇ ಗೇರ್ ಇಳಿಸುವ ಜಾಣ್ಮೆ ಸೇರಿಸಿದ್ದಾರೆ, ಆದರೂ ಮುಂದಿನ ತಿರುವಿನಾಚೆ ಏನಿದೆಯೆಂದು ಬಲ್ಲವರು ನೀವು ಮಾತ್ರ. ಅದನ್ನು ಗೇರ್‌ಬಾಕ್ಸ್‌ಗೆ ಹೇಳಲು ಇರುವ ಭಾಷೆ ಆ ಕಡ್ಡಿ. 2 ಎಂದರೆ ‘ಎರಡನೇ ಗೇರ್ ದಾಟಬೇಡ’, ಎಲ್ ಎಂದರೆ ‘ಒಂದನೇ ಗೇರ್ ಬಿಡಬೇಡ’.

ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಜಾಗ ಬರುವ ಮೊದಲೇ, ರಸ್ತೆ ಇನ್ನೂ ಸಮವಾಗಿರುವಾಗಲೇ, ಬ್ರೇಕ್ ಒತ್ತಿ ವೇಗವನ್ನು 30ರ ಆಸುಪಾಸಿಗೆ ಇಳಿಸಿ ಡಿಯಿಂದ 2ಕ್ಕೆ ತನ್ನಿ. ಇಂಜಿನ್ನಿನ ಸದ್ದು ಏರುತ್ತದೆ. ಅದು ನೋವಿನ ಸದ್ದಲ್ಲ, ಹೆದರಬೇಡಿ. ಮೀಟರಿನ ಮುಳ್ಳು ಕೆಂಪು ಗೆರೆಯಿಂದ ದೂರವಿರುವವರೆಗೆ ಇಂಜಿನ್ನಿಗೆ ಏನೂ ಆಗದು. ಕಾಲು ತೆಗೆದರೂ ಕಾರು ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಹಿಡಿದಂತೆ ತಡೆದು ತಡೆದು ಇಳಿಯುವುದು ನಿಮಗೇ ಗೊತ್ತಾಗುತ್ತದೆ. ತೀರಾ ಕಡಿದಾದ ತಿರುವಿಗೆ 20ರ ಹತ್ತಿರಕ್ಕೆ ಇಳಿಸಿಕೊಂಡು ಎಲ್ ಹಾಕಬಹುದು. ವೇಗದಲ್ಲಿರುವಾಗ ಎಲ್‌ಗೆ ಎಳೆಯಬೇಡಿ, ಮಳೆಯಲ್ಲಂತೂ ಬೇಡವೇ ಬೇಡ. ಮುಂದಿನ ಚಕ್ರಗಳು ಥಟ್ಟನೆ ತಡೆದು ಪಾಚಿ ಕಟ್ಟಿದ ರಸ್ತೆಯಲ್ಲಿ ಕಾರು ಜಾರಬಹುದು. ಮೊದಲು ಬ್ರೇಕ್, ಆಮೇಲೆ ಕಡ್ಡಿ. ಯಾವಾಗಲೂ ಈ ಕ್ರಮವೇ ಇರಲಿ.

2ರಲ್ಲಿದ್ದರೂ ಬ್ರೇಕ್ ಬೇಕಾಗುತ್ತದೆ. ಇಡೀ ದಾರಿ ಪೆಡಲಿನ ಮೇಲೆ ಕಾಲು ಸವರಿಕೊಂಡು ಇಳಿಯುವ ಬದಲು, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ಬಿಟ್ಟ ಆ ಕೆಲವು ಸೆಕೆಂಡುಗಳಲ್ಲಿ ಡಿಸ್ಕಿಗೆ ಗಾಳಿ ಸಿಗುತ್ತದೆ. ಎಂದಾದರೂ ಪೆಡಲ್ ಮೆತ್ತಗಾದಂತೆ ಅನ್ನಿಸಿದರೆ, ಇನ್ನೂ ಹಿಡಿತ ಇರುವಾಗಲೇ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿಗೆ ನೀರು ಎರಚಬೇಡಿ. ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಘಾಟಿ ಹತ್ತುವಾಗಲೂ 2 ಉಪಯೋಗಕ್ಕೆ ಬರುತ್ತದೆ. ತಿರುವಿನಲ್ಲಿ ಕಾಲು ಸಡಿಲಿಸಿದೊಡನೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗಿ, ಮತ್ತೆ ಒತ್ತಿದಾಗ ಕೆಳಗೆ ಬಂದು, ಹೀಗೆ ತಡವರಿಸುತ್ತಿರುತ್ತದೆ. 2ರಲ್ಲಿಟ್ಟರೆ ಆ ಗೊಂದಲ ಇರದು. ನಿಮ್ಮ ಕಾರಿನಲ್ಲಿ 2, ಎಲ್ ಎಂದಿರುವ ಜಾಗದಲ್ಲಿ ಬೇರೆ ಕಾರುಗಳಲ್ಲಿ ಎಸ್, ಅಥವಾ ಪ್ಲಸ್ ಮೈನಸ್ ಗುರುತಿನ ಎಂ, ಇಲ್ಲವೇ ಸ್ಟೀರಿಂಗ್ ಹಿಂದೆ ಎರಡು ಪುಟ್ಟ ರೆಕ್ಕೆಗಳು ಇರುತ್ತವೆ. ಟೊಯೋಟಾದ ಹೈಬ್ರಿಡ್‌ಗಳಲ್ಲಿ ಬಿ ಎಂದಿರುತ್ತದೆ. ಅದು ಇಳಿಜಾರಿನಲ್ಲಿ ಇಂಜಿನ್ ತಡೆಗೆಂದೇ ಇಟ್ಟದ್ದು. ಬ್ಯಾಟರಿ ಎಂದು ತಿಳಿದು ಬಿಟ್ಟುಬಿಡುವವರು ಬಹಳ ಮಂದಿ. ಅಕ್ಷರ ಯಾವುದಾದರೂ ಘಾಟಿಯಲ್ಲಿ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ.

ಈಗ ನಿಮ್ಮ ಮನೆ ಮುಂದಿನ ‘ಟಕ್’. ಪಿ ಎಂದರೆ ಬ್ರೇಕ್ ಎಂದು ಬಹುತೇಕರು ಅಂದುಕೊಂಡಿದ್ದಾರೆ. ಅದು ಅಗುಳಿ. ಗೇರ್‌ಬಾಕ್ಸ್‌ನಿಂದ ಹೊರಬರುವ ದಂಡಕ್ಕೆ ಹಲ್ಲುಗಳಿರುವ ಚಕ್ರವೊಂದಿದೆ. ಪಿಗೆ ಹಾಕಿದಾಗ ಉಕ್ಕಿನ ಸಣ್ಣ ಕೊಂಡಿಯೊಂದು ಬಂದು ಆ ಹಲ್ಲುಗಳ ನಡುವೆ ಕೂರುತ್ತದೆ. ಅಷ್ಟೇ. ಹತ್ತು ಅಡಿಗೆ ಒಂದಡಿ ಇಳಿಯುವ ಜಾಗದಲ್ಲಿ 1,000 ಕೆಜಿ ಕಾರು ಸುಮಾರು 100 ಕೆಜಿ ಬಲದಿಂದ ಕೆಳಕ್ಕೆ ಜಗ್ಗುತ್ತಿರುತ್ತದೆ. ನೀವು ಪಿಗೆ ಹಾಕಿ ಬ್ರೇಕ್ ಬಿಟ್ಟಾಗ ಕಾರು ಒಂದಿಷ್ಟು ಜರುಗಿ ನಿಲ್ಲುತ್ತದಲ್ಲ, ಆಗ ಆ ಜಗ್ಗುವಿಕೆಯೆಲ್ಲ ಕೊಂಡಿಯ ಮೇಲೆ ಕೂತಿತು ಎಂದರ್ಥ. ಹೊರಗಿನಿಂದ ಹತ್ತು ಜನ ಬಾಗಿಲು ಒತ್ತಿ ಹಿಡಿದಿರುವಾಗ ಒಳಗಿನಿಂದ ಅಗುಳಿ ಸರಿಸಲು ಎಷ್ಟು ಬಿಗಿಯೋ ಅಷ್ಟೇ ಬಿಗಿಯಾಗಿ ಬೆಳಿಗ್ಗೆ ಆ ಕೊಂಡಿ ಹಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ಆ ಸದ್ದೇ ‘ಟಕ್’.

ಕ್ರಮ ಬದಲಾಯಿಸಿದರೆ ಸದ್ದು ನಿಲ್ಲುತ್ತದೆ. ಕಾರು ಪೂರ್ತಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡೇ ಎನ್‌ಗೆ ಹಾಕಿ. ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆಯಿರಿ. ಈಗ ಕಾಲಿನ ಬ್ರೇಕನ್ನು ನಿಧಾನ ಸಡಿಲಿಸಿ, ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ. ಮತ್ತೆ ಬ್ರೇಕ್ ಒತ್ತಿ ಪಿಗೆ ಹಾಕಿ, ಇಂಜಿನ್ ಆರಿಸಿ. ಬೆಳಿಗ್ಗೆ ಇದರ ಉಲ್ಟಾ: ಬ್ರೇಕ್ ಒತ್ತಿ ಇಂಜಿನ್ ಶುರು ಮಾಡಿ, ಮೊದಲು ಪಿಯಿಂದ ಹೊರಗೆ ತನ್ನಿ, ಹ್ಯಾಂಡ್‌ಬ್ರೇಕ್ ಬಿಡುವುದು ಆಮೇಲೆ. ಎರಡು ದಿನ ಬೇಸರವಾಗಬಹುದು, ಮೂರನೇ ದಿನ ಕೈಗೆ ರೂಢಿಯಾಗುತ್ತದೆ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದುಕೊಂಡು ಬಿಡುತ್ತದೆಂಬ ಭಯದಿಂದ ನಿಮ್ಮ ಕಡೆ ಅದನ್ನು ಎಳೆಯದವರಿದ್ದಾರೆ. ವಾರಗಟ್ಟಲೆ ಒದ್ದೆಯಲ್ಲೇ ನಿಂತರೆ ಹಾಗಾಗುವುದುಂಟು. ಅಂಥ ದಿನಗಳಿಗೆ ಸಮತಟ್ಟಾದ ಜಾಗ ಹುಡುಕಿ, ಪಿಯ ಜೊತೆ ಚಕ್ರಕ್ಕೆ ಕಲ್ಲು ಕೊಡಿ. ದಿನ ಬಳಸುವ ಕಾರಿಗೆ ಆ ಭಯ ಬೇಡ.

ಪಿ ಬಗ್ಗೆ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ಪಿ ಹಿಡಿಯುವುದು ಮುಂದಿನ ಜೋಡಿಯನ್ನು ಮಾತ್ರ, ಅದೂ ಎರಡೂ ಚಕ್ರ ನೆಲದ ಮೇಲಿದ್ದರೆ. ಪಂಕ್ಚರ್ ಆಗಿ ಮುಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿದಿರಿ ಎನ್ನಿ. ಎಡಬಲದ ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರ್ ಜೋಡಣೆಯಿಂದಾಗಿ ಎತ್ತಿದ ಚಕ್ರ ಒಂದು ಕಡೆಗೂ ನೆಲದ ಚಕ್ರ ಇನ್ನೊಂದು ಕಡೆಗೂ ಆರಾಮಾಗಿ ತಿರುಗಬಲ್ಲವು. ಪಿಯಲ್ಲಿದ್ದರೂ ಕಾರು ಜಾಕ್‌ನಿಂದ ಉರುಳಿ ಬೀಳಬಹುದು. ಚಕ್ರ ಬಿಚ್ಚುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲಿಟ್ಟೇ ಜಾಕ್ ಏರಿಸಿ.

ಕಾರಿನಿಂದ ಇಳಿಯುವ ಮುನ್ನ ಕಡ್ಡಿ ನಿಜವಾಗಿಯೂ ಪಿಯಲ್ಲಿದೆಯೇ ಎಂದು ಕಣ್ಣಲ್ಲಿ ನೋಡಿ. 2016ರಲ್ಲಿ ಫಿಯೆಟ್ ಕ್ರೈಸ್ಲರ್ ಸುಮಾರು 11 ಲಕ್ಷ ವಾಹನಗಳನ್ನು ವಾಪಸು ಕರೆಯಬೇಕಾಯಿತು. ಅವುಗಳ ಕಡ್ಡಿ ಪ್ರತಿ ಸಲವೂ ನಡುವಿನ ಸ್ಥಾನಕ್ಕೇ ಮರಳುತ್ತಿದ್ದರಿಂದ, ಪಿಯಲ್ಲಿದೆ ಎಂದುಕೊಂಡು ಜನ ಇಳಿದುಬಿಡುತ್ತಿದ್ದರು, ಕಾರು ಉರುಳುತ್ತಿತ್ತು. ನಿಮ್ಮ ಹಳೆಯ ಮಾದರಿಯ ಕಡ್ಡಿ ಈ ವಿಷಯದಲ್ಲಿ ಸಂಭಾವಿತ. ಎಲ್ಲಿಟ್ಟರೆ ಅಲ್ಲೇ ಇರುತ್ತದೆ.

ಆರ್ ಮತ್ತು ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಕ್ಕೆ ಹೋಗುತ್ತಿರುವಾಗ ಡಿಗೂ, ಮುಂದಕ್ಕೆ ಹೋಗುತ್ತಿರುವಾಗ ಆರ್‌ಗೂ ತಳ್ಳಬೇಡಿ. ಪೂರ್ತಿ ನಿಂತು, ಕಡ್ಡಿ ಸರಿಸಿ, ಗೇರ್ ಕೂತದ್ದು ಮೈಗೆ ಗೊತ್ತಾಗುವಷ್ಟು ಒಂದು ಕ್ಷಣ ತಡೆದು ಬ್ರೇಕ್ ಬಿಡಿ. ಆರ್ ಮತ್ತು ಡಿ ನಡುವೆ ಎನ್ ಇಟ್ಟಿರುವುದಕ್ಕೂ ಒಂದು ಹಿನ್ನೆಲೆ ಇದೆ. ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಜೊತೆ ಬಂದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಪಿಯೇ ಇರಲಿಲ್ಲ, ರಿವರ್ಸ್ ಕಡ್ಡಿಯ ಕೊನೆಯಲ್ಲಿತ್ತು. ಆಮೇಲೂ ಎಷ್ಟೋ ಕಾರುಗಳಲ್ಲಿ ಎಲ್‌ನ ಪಕ್ಕದಲ್ಲೇ ಆರ್ ಇರುತ್ತಿತ್ತು. ಮುಂದಕ್ಕೆಂದು ಎಳೆದರೆ ಹಿಂದಕ್ಕೆ ಹಾರುವ ಅನಾಹುತಗಳಾದವು. ಮುಂದಿನ ಗೇರುಗಳಿಗೂ ರಿವರ್ಸ್‌ಗೂ ನಡುವೆ ನ್ಯೂಟ್ರಲ್ ಇರಲೇಬೇಕೆಂದು ಅಲ್ಲಿನ ಸರ್ಕಾರ 1960ರ ದಶಕದ ಕೊನೆಗೆ ಕಡ್ಡಾಯ ಮಾಡಿತು. ನಿಮ್ಮ ಕಾರಿನ ಅಕ್ಷರಗಳ ಸಾಲು ಆ ಪಾಠದಿಂದ ಬಂದದ್ದು.

ಎನ್‌ನ ನಿಜವಾದ ಬೆಲೆ ಆಪತ್ತಿನಲ್ಲಿ ತಿಳಿಯುತ್ತದೆ. ಮ್ಯಾಟ್ ಜಾರಿಯೋ ಇನ್ನೇನೋ ಆಗಿ ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡು ಕಾರು ನುಗ್ಗಲು ಶುರುವಾದರೆ, ಬ್ರೇಕನ್ನು ಶಕ್ತಿ ಮೀರಿ ಒತ್ತಿ, ಕಡ್ಡಿಯನ್ನು ಎನ್‌ಗೆ ತಳ್ಳಿ. ನಿಮ್ಮಂಥ ನೇರ ಕಡ್ಡಿಗಳಲ್ಲಿ ಡಿಯಿಂದ ಎನ್‌ಗೆ ಹೋಗಲು ಸಾಮಾನ್ಯವಾಗಿ ಗುಂಡಿ ಒತ್ತಬೇಕಿಲ್ಲ, ಸುಮ್ಮನೆ ಮುಂದಕ್ಕೆ ದೂಡಿದರೆ ಎನ್‌ನಲ್ಲಿ ತಾನೇ ನಿಲ್ಲುತ್ತದೆ. ಇಂಜಿನ್ ಕಿರುಚುತ್ತದೆ, ಕಿರುಚಲಿ. ಚಲಿಸುವಾಗಲೇ ಕೀ ತಿರುಗಿಸಿ ಆರಿಸಿದರೆ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿಗೆ ಸಿಗುವ ಬಲವೂ ಹೋಗುತ್ತದೆ. ಆದ್ದರಿಂದ ನಿಂತ ಮೇಲೆ ಆರಿಸಿ.

ಸಿಗ್ನಲ್ ವಿಚಾರಕ್ಕೆ ಬಂದರೆ, ನಿಮ್ಮ ಕಾರಿನಲ್ಲಿರುವುದು ಟಾರ್ಕ್ ಕನ್ವರ್ಟರ್. ಇಂಜಿನ್ನಿಗೂ ಗೇರಿಗೂ ನಡುವೆ ಆಯಿಲ್ ತುಂಬಿದ ಕೊಡವಿದ್ದಂತೆ. ಒಂದು ಫ್ಯಾನು ಆಯಿಲನ್ನು ಎರಚುತ್ತದೆ, ಎದುರಿನ ಫ್ಯಾನು ಆ ರಭಸಕ್ಕೆ ತಿರುಗುತ್ತದೆ. ಡಿಯಲ್ಲಿಟ್ಟು ಬ್ರೇಕ್ ಒತ್ತಿ ನಿಂತರೆ ಆಯಿಲ್ ಜಾರುತ್ತದೆ, ಏನೂ ಸವೆಯುವುದಿಲ್ಲ. ಅರ್ಧ ನಿಮಿಷದ ಸಿಗ್ನಲ್‌ಗೆ ಡಿ ಸಾಕು. ಉಡುಪಿಗಿಂತ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಕಡೆ ನಿಮಿಷಗಟ್ಟಲೆ ನಿಲ್ಲಬೇಕಾದಾಗ ಎನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದರೆ ನಿಮ್ಮ ಮಂಡಿಗೆ ವಿಶ್ರಾಂತಿ. ಮತ್ತೆ ಡಿಗೆ ತರುವಾಗ ಬ್ರೇಕ್ ಒತ್ತಿರಲಿ. ಸಿಗ್ನಲ್‌ನಲ್ಲಿ ಪಿ ಮಾತ್ರ ಬೇಡ: ಅಲ್ಲಿಗೆ ಹೋಗುವಾಗ ಆರ್ ದಾಟಬೇಕು, ಹಿಂದಿನವರಿಗೆ ರಿವರ್ಸ್ ದೀಪ ಮಿನುಗಿ ಗಾಬರಿಯಾಗುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಏಟು ತಿನ್ನುವುದು ಅದೇ ಪುಟ್ಟ ಕೊಂಡಿ.

ನಿಮ್ಮ ಅಳಿಯನ ಕಾರು ಬೇರೆ ಜಾತಿಯದು. ಪಿ ಇಲ್ಲ ಎಂದಿರಲ್ಲ, ಹಾಗಾದರೆ ಅದು ಎಎಂಟಿ ಇರಬೇಕು. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮ ದೇಶಕ್ಕೆ ಬಂದು, ಕಡಿಮೆ ಬೆಲೆಯಿಂದಾಗಿ ಮನೆಮಾತಾದ ವ್ಯವಸ್ಥೆ. ಅದರೊಳಗಿರುವುದು ನೀವು ಇಪ್ಪತ್ತೆಂಟು ವರ್ಷ ಓಡಿಸಿದ ಅದೇ ಕ್ಲಚ್, ಅದೇ ಗೇರ್‌ಬಾಕ್ಸ್. ನಿಮ್ಮ ಕಾಲು ಮತ್ತು ಕೈಯ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ನಿಲ್ಲಿಸುವುದೂ ನಿಮ್ಮ ಹಳೆ ಕಾರಿನಂತೆಯೇ: ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು ಇಂಜಿನ್ ಆರಿಸಬೇಕು. ಮೂತಿ ಏರಿನ ಕಡೆಗಿದ್ದರೆ ಮುಂದಿನ ಗೇರ್, ಇಳಿಜಾರಿನ ಕಡೆಗಿದ್ದರೆ ಆರ್. ಟಾಟಾ ಕಾರಾದರೆ ಡಿ ಬದಲು ಎ ಎಂದಿರುತ್ತದೆ. ಗೇರಿನಲ್ಲಿಟ್ಟು ನಿಲ್ಲಿಸಿದ ಎಎಂಟಿ ಕಾರಿನ ಬ್ಯಾಟರಿ ಪೂರ್ತಿ ಇಳಿದುಹೋದರೆ ಕಡ್ಡಿಯನ್ನು ಎನ್‌ಗೆ ತಂದರೂ ಒಳಗಿನ ಗೇರ್ ಬಿಡುವುದಿಲ್ಲ, ತಳ್ಳಲು ಬಾರದು. ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡಬೇಕು.

ಅಳಿಯನಿಗೆ ಹೇಳಲೇಬೇಕಾದ ಮಾತು ಇನ್ನೊಂದಿದೆ. ಏರಿನಲ್ಲಿ ಆಕ್ಸಿಲರೇಟರನ್ನು ಚೂರೇ ಒತ್ತಿ ಕಾರನ್ನು ಹಿಂದಕ್ಕೆ ಹೋಗದಂತೆ ತೂಗಿ ನಿಲ್ಲಿಸುವುದು ಎಎಂಟಿಯ ಕ್ಲಚ್ಚನ್ನು ಸುಡುತ್ತದೆ. ಡಿಸಿಟಿ ಎಂಬ ಎರಡು ಕ್ಲಚ್ಚಿನ ಗೇರ್‌ಬಾಕ್ಸ್‌ಗೂ ಇದೇ ಕಥೆ. ನಿಂತರೆ ಬ್ರೇಕ್ ಒತ್ತಿಯೇ ನಿಲ್ಲಬೇಕು. ಏರಿನಲ್ಲಿ ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಆಕ್ಸಿಲರೇಟರ್ ಕೊಟ್ಟು, ಕಾರು ಮುಂದಕ್ಕೆ ಎಳೆಯತೊಡಗಿದಾಗ ಹ್ಯಾಂಡ್‌ಬ್ರೇಕ್ ಬಿಡುವ ಹಳೆಯ ಉಪಾಯ ಇಲ್ಲೂ ಚೆನ್ನಾಗಿ ನಡೆಯುತ್ತದೆ.

ನಿಮ್ಮ ಕಾರು ಎಲ್ಲಾದರೂ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಒಳಗಿನ ಆಯಿಲ್ ಪಂಪ್ ತಿರುಗುವುದು ಇಂಜಿನ್ನಿನಿಂದ. ಇಂಜಿನ್ ಆರಿ ಚಕ್ರ ಮಾತ್ರ ತಿರುಗಿದರೆ ಗೇರುಗಳು ಆಯಿಲ್ ಇಲ್ಲದೆ ಉಜ್ಜುತ್ತವೆ. ಮುಂದಿನ ಚಕ್ರ ಎತ್ತಿಕೊಂಡು ಹೋಗುವ ಅಥವಾ ಇಡೀ ಕಾರನ್ನು ಹೊರುವ ಗಾಡಿಯನ್ನೇ ಕರೆಸಿ. ತಳ್ಳಿ ಶುರು ಮಾಡುವ ಆಸೆಯನ್ನೂ ಬಿಡಿ, ಈ ಗೇರ್‌ಬಾಕ್ಸ್‌ನಲ್ಲಿ ಅದು ಆಗುವ ಕೆಲಸವಲ್ಲ. ಬ್ಯಾಟರಿ ಸತ್ತು ಕಡ್ಡಿ ಪಿಯಿಂದ ಅಲುಗದಿದ್ದರೆ ಹೆಚ್ಚಿನ ಕಾರುಗಳಲ್ಲಿ ಕಡ್ಡಿಯ ಬುಡದಲ್ಲಿ ಸಣ್ಣ ಮುಚ್ಚಳವಿರುತ್ತದೆ. ಅದನ್ನು ತೆಗೆದು ಕೀ ತುದಿಯಿಂದ ಒತ್ತಿದರೆ ಬೀಗ ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದ ಮೇಲಷ್ಟೇ ಅದಕ್ಕೆ ಕೈ ಹಾಕಿ.

ನಿಮ್ಮ ಹೆಂಡತಿ ಕಲಿಯುತ್ತೇನೆಂದದ್ದು ಓದಿ ನನಗೆ ತುಂಬಾ ಸಂತೋಷವಾಯಿತು. ಈ ಕಾರು ನಿಮಗಿಂತ ಅವರಿಗೇ ಸುಲಭ, ಏಕೆಂದರೆ ಮರೆಯಬೇಕಾದ ಕ್ಲಚ್ ಅವರ ಕಾಲಿನಲ್ಲಿಲ್ಲ. ಕ್ಲಚ್ ರೂಢಿಯ ಎಡಗಾಲು ಗಾಬರಿಯಲ್ಲಿ ಬ್ರೇಕನ್ನೇ ಕ್ಲಚ್ ಎಂದುಕೊಂಡು ಪೂರ್ತಿ ಒತ್ತಿಬಿಡುತ್ತದೆ. ನಿಮಗೂ ಒಂದೆರಡು ಸಲ ಮೂಗು ಸ್ಟೀರಿಂಗ್‌ಗೆ ತಾಗುವಂತಾಗಿರಬಹುದು. ಅವರಿಗೆ ಮೊದಲ ದಿನದಿಂದಲೇ ಎಡಗಾಲನ್ನು ಮೂಲೆಯ ಮೆಟ್ಟಿಲ ಮೇಲೆ ಇಟ್ಟು ಮರೆತುಬಿಡಲು ಹೇಳಿ. ಬ್ರೇಕ್, ಆಕ್ಸಿಲರೇಟರ್ ಎರಡಕ್ಕೂ ಬಲಗಾಲೊಂದೇ. ಆಟೋಮ್ಯಾಟಿಕ್ ಕಾರುಗಳು ಗೋಡೆಗೋ ಅಂಗಡಿಗೋ ನುಗ್ಗುವಾಗ ಬಹಳ ಸಲ ನಡೆದಿರುವುದು ಇಷ್ಟೇ: ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿರುತ್ತಾರೆ, ಕಾರು ನಿಲ್ಲಲಿಲ್ಲವೆಂದು ಇನ್ನಷ್ಟು ಒತ್ತಿರುತ್ತಾರೆ. ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ಊರಿ, ಆಕ್ಸಿಲರೇಟರ್‌ಗೆ ಪಾದವನ್ನು ಓರೆ ಮಾಡಿ ಚಾಚುವುದನ್ನು ನಿಂತ ಕಾರಿನಲ್ಲೇ ಐವತ್ತು ಸಲ ಮಾಡಿಸಿ. ಹಾಗೆ ಕಲಿತ ಕಾಲು ಗಾಬರಿಯಾದಾಗ ಬ್ರೇಕಿಗೇ ಮರಳುತ್ತದೆ.

ಭಾನುವಾರ ಶಾಲೆಯ ಮೈದಾನ ಖಾಲಿ ಇರುವಾಗ ಕರೆದುಕೊಂಡು ಹೋಗಿ. ಡಿಗೆ ಹಾಕಿ ಬ್ರೇಕ್ ಬಿಟ್ಟರೆ ಕಾರು ನಡಿಗೆಯ ವೇಗದಲ್ಲಿ ತಾನೇ ಹೊರಡುತ್ತದೆ. ಆ ವೇಗದಲ್ಲೇ ಸುತ್ತಲಿ, ನಿಲ್ಲಿಸಲಿ, ಆರ್‌ಗೆ ಹಾಕಿ ಹಿಂದೆ ಬರಲಿ, ಮತ್ತೆ ನಿಲ್ಲಿಸಲಿ. ಕಡ್ಡಿ ಸರಿಸುವಾಗಲೆಲ್ಲ ಯಾವ ಅಕ್ಷರಕ್ಕೆ ಹಾಕಿದೆ ಎಂದು ಬಾಯಿಬಿಟ್ಟು ಹೇಳಲಿ. ಮೊದಲ ದಿನಕ್ಕೆ ಇಷ್ಟು ಸಾಕು. ಆಕ್ಸಿಲರೇಟರ್ ಎರಡನೆಯ ದಿನಕ್ಕಿರಲಿ.